ಒಂದು ಹಲ್ಲು ತಪ್ಪಿದ ಮೋಟಾರು

ಅಕ್ಕಿಆಲೂರು, ತಾಲೂಕು ಹಾನಗಲ್ಲ
೨೪ ನವೆಂಬರ್ ೧೯೫೮

ಸವಣೂರಿನ ದಾವಲಸಾಬ ಮಿಸ್ತ್ರಿಯವರಿಗೆ ಅಕ್ಕಿಆಲೂರಿನ ಕರಿಬಸಪ್ಪನ ನಮಸ್ಕಾರ.

ಈ ನಮಸ್ಕಾರವನ್ನು ಎರಡೂ ಕೈ ಜೋಡಿಸಿ ಮಾಡಿದ್ದಲ್ಲ. ಎಡಗೈ ಮೋಟಾರು ತಳ್ಳಿ ಉಳುಕಿದೆ. ಬಲಗೈಗೆ ಸಿಟ್ಟು ಬಂದಿದೆ, ಅದರಿಂದಲೇ ಬರೆಯುತ್ತಿದ್ದೇನೆ.

ನಿನ್ನೆ ಹಿರೇಕೆರೂರಿನಲ್ಲಿ ನಮ್ಮ ಬೀಗರ ಹೊಸ ಮನೆಯ ಪ್ರವೇಶವಿತ್ತು. ಮೋಟಾರಿನಲ್ಲಿಯೇ ಹೊರಟೆ. ಯಾವ ಮೋಟಾರು? ನೀವು ಎರಡು ತಿಂಗಳು ನಮ್ಮ ಅಕ್ಕಿ ಗಿರಣಿಯ ಶೆಡ್ಡಿನಲ್ಲಿ ಕುಳಿತು, ಎಂಜಿನ್ನನ್ನು ತಿರುಪು ತಿರುಪಾಗಿ ಬಿಚ್ಚಿ, ಹೊಸ ರಿಂಗು ಹಾಕಿ ಕಟ್ಟಿಕೊಟ್ಟ ಮೋಟಾರು. "ಇನ್ನ ಹತ್ತ ವರ್ಷ ಇದರ ತಂಟೆಕ್ಕ ಯಾರೂ ಹೋಗಬ್ಯಾಡ್ರಿ" ಎಂದು ನೀವು ಬಾನೆಟ್ಟು ತಟ್ಟಿ ಆಶೀರ್ವಾದ ಮಾಡಿದ ಮೋಟಾರು. ಸಪಾಟು ರಸ್ತೆಯಲ್ಲಿ ಮರ್ಯಾದೆಯಿಂದ ನಡೆಯಿತು. ಹಿರೇಕೆರೂರು ಇನ್ನು ಮೂರು ಮೈಲು ಎನ್ನುವಾಗ ಒಂದು ಏರು ಬಂತು. ಏರು ಎಂದರೆ ಎಂಥದು, ನಮ್ಮ ಮನೆಯ ಕಟ್ಟೆಗಿಂತ ನಾಲ್ಕು ಬೆರಳು ಎತ್ತರ. ಅಲ್ಲಿ ಮೋಟಾರು ಉಬ್ಬಸದವರ ಹಾಗೆ ಎದೆ ಎಳೆದು, ಕೆಮ್ಮಿ, ನಡೆಯುವ ಮನುಷ್ಯನ ವೇಗಕ್ಕೆ ಬಂತು. ಆಮೇಲೆ ನಿಂತ ಮನುಷ್ಯನ ವೇಗಕ್ಕೆ ಬಂತು. ನಾನು ಇಳಿದು ತಳ್ಳತೊಡಗಿದೆ.

ಆಗ ಹಿಂದಿನಿಂದ ಒಂದು ಚಕ್ಕಡಿ. ಮೆಣಸಿನಕಾಯಿ ಚೀಲ ಹೇರಿದ ಚಕ್ಕಡಿ. ಹೊಡೆಯುತ್ತಿದ್ದವಳು ಒಬ್ಬ ಹೆಣ್ಣುಮಗಳು, ಹೆಸರು ಕರೆವ್ವ. ದಾರಿಹೋಕಳ ಹೆಸರು ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಆಕೆಯ ಹೆಸರು, ಊರು, ಗಂಡನ ಮಂಡಿನೋವು, ಎತ್ತುಗಳ ವಯಸ್ಸು ಎಲ್ಲ ತಿಳಿದುಕೊಳ್ಳುವಷ್ಟು ಹೊತ್ತು ನಾವಿಬ್ಬರೂ ಅಕ್ಕಪಕ್ಕದಲ್ಲಿಯೇ ಹೋಗುತ್ತಿದ್ದೆವು. ಕೊನೆಗೆ ಆಕೆಗೇ ಬೇಸರವಾಗಿ ಎತ್ತು ಚಪ್ಪರಿಸಿ ಮುಂದೆ ಹೋಗುತ್ತ, "ಹಗ್ಗ ಐತ್ರಿ ಸಾಹುಕಾರ್ರ, ಕಟ್ಟಲೇನು?" ಎಂದಳು.

ಮಿಸ್ತ್ರಿಯವರೇ, ನಾನು ಪ್ಲೇಗು ಕಂಡವನು, ಕಾಳು ಕಂಟ್ರೋಲಿನ ಕಾಲ ಕಂಡವನು, ಗಿರಣಿಯ ಮೇಲೆ ಸಿಡಿಲು ಬಿದ್ದದ್ದು ಕಂಡವನು. ಹೀಗೆ ದಂಗು ಬಡಿದು ನಿಂತದ್ದು ಇದೇ ಮೊದಲು.

ಬಿಚ್ಚುವುದಕ್ಕೆ ಮುಂಚೆ ಇದು ಎಣ್ಣೆ ಕುಡಿಯುತ್ತಿತ್ತು, ಹೊಗೆ ಬಿಡುತ್ತಿತ್ತು, ಆದರೆ ಏರು ಹತ್ತುತ್ತಿತ್ತು. ಈಗ ಹೊಗೆಯೂ ಇಲ್ಲ, ಏರುವುದೂ ಇಲ್ಲ. ಒಳಗಿದ್ದ ಶಕ್ತಿ ಎಲ್ಲಿ ಹೋಯಿತು? ಬೀಗರ ಮನೆಯಲ್ಲಿ ಊಟಕ್ಕೆ ಕುಳಿತವರು ಅಂದರು: "ಅಸಲಿ ಸಾಮಾನು ಸವಣೂರಿಗೆ ಸಾಗಿಸ್ಯಾನ ನಿಮ್ಮ ಮಿಸ್ತ್ರಿ, ನಿಮಗ ಗುಜರಿ ತುಂಬಿ ಕೊಟ್ಟಾನ." ನಾನು ನಂಬಿದೆ ಎಂದು ಹೇಳುವುದಿಲ್ಲ. ನಂಬಲಿಲ್ಲ ಎಂದೂ ಹೇಳುವುದಿಲ್ಲ.

ಶಿಗ್ಗಾಂವಿಯ ಮೈಲಾರಲಿಂಗಪ್ಪನವರು ಸಂಕ್ರಾಂತಿಯ ಹೊತ್ತಿಗೆ ಮೂರು ಬಸ್ಸು ರಸ್ತೆಗೆ ಇಳಿಸುತ್ತಾರೆ. ಹೆಡ್ ಮಿಸ್ತ್ರಿಯ ಕೆಲಸಕ್ಕೆ ನಿಮ್ಮ ಹೆಸರು ಹೇಳುತ್ತೇನೆ ಎಂದು ನಾನೇ ಮಾತು ಕೊಟ್ಟಿದ್ದೆ. ಅವರು ನನ್ನ ಪತ್ರಕ್ಕೆ ಕಾದಿದ್ದಾರೆ. ಏನೆಂದು ಬರೆಯಲಿ?

ಉಳುಕಿದ ಕೈಯ,
ಕರಿಬಸಪ್ಪ


ಸವಣೂರು
೨೯ ನವೆಂಬರ್ ೧೯೫೮

ಸಾಹುಕಾರ ಕರಿಬಸಪ್ಪನವರಿಗೆ ದಾವಲಸಾಬನ ಸಲಾಮು.

ತಮ್ಮ ಪತ್ರವನ್ನು ಮನೆಯಲ್ಲಿ ಜೋರಾಗಿ ಓದಿದೆ, ತಪ್ಪಾಯಿತು. ನನ್ನ ಹೆಂಡತಿ ಬಿಬಿಜಾನ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಕಳವು ಮಾಡೀರಿ ಅಂತ ಬರದಾರೇನ್ರಿ ಸಾಹುಕಾರ್ರು?"

"ಅವರು ಬರದಿಲ್ಲ. ಬೀಗರ ಬಾಯಿಲೆ ಅನಿಸ್ಯಾರ."

"ಬೀಗರಿಗೆ ನಿಮ್ಮ ಗುರುತ ಐತೇನು?"

"ಇಲ್ಲ."

"ಸಾಹುಕಾರ್ರಿಗೆ?"

ಇದಕ್ಕೆ ಉತ್ತರವನ್ನು ತಾವೇ ಮುಂದಿನ ಪತ್ರದಲ್ಲಿ ತಿಳಿಸಬೇಕು.

ಇಪ್ಪತ್ತೊಂದು ವರ್ಷ ಸಂಸ್ಥಾನದ ಮೋಟಾರುಗಳನ್ನು ಈ ಕೈ ನೋಡಿಕೊಂಡಿತು. ಸಂಸ್ಥಾನ ಹೋಯಿತು, ಮೋಟಾರುಗಳು ಹೋದವು, ಕೈ ಉಳಿಯಿತು. ಹತ್ತು ವರ್ಷದಿಂದ ಹೊಲಿಗೆ ಯಂತ್ರ, ಗ್ಯಾಸಿನ ದೀಪ, ಒಮ್ಮೊಮ್ಮೆ ಮದುವೆಯ ಗ್ರಾಮೋಫೋನು ರಿಪೇರಿ ಮಾಡುತ್ತೇನೆ. ಹೊಲಿಗೆ ಯಂತ್ರದ ಮೇಲೆ ನನಗೆ ಗೌರವವಿದೆ. ಆದರೆ ಅದು ದಿನವೆಲ್ಲ ಓಡಿ ಕುಳಿತಲ್ಲೇ ಇರುತ್ತದೆ. ಶಿಗ್ಗಾಂವಿಯ ಕೆಲಸ ಸಿಕ್ಕರೆ ಮತ್ತೆ ಎಂಜಿನ್ನಿನ ಮುಂದೆ ನಿಲ್ಲುತ್ತೇನೆ ಎಂದುಕೊಂಡಿದ್ದೆ. ಈ ವಯಸ್ಸಿನಲ್ಲಿ ನಾನು ಕೇಳಿದ್ದು ಅದೊಂದೇ.

ಕಳ್ಳನೆಂದು ಸಂಶಯ ಬಂದ ಅಂಗಳಕ್ಕೆ ತಾವಾಗಿ ಕರೆಯದೆ ಕಾಲಿಡುವುದಿಲ್ಲ. ಆದರೆ ಮೋಟಾರು ನನಗೆ ಏನೂ ಅಂದಿಲ್ಲವಲ್ಲ. ಅದರ ನಾಡಿಯನ್ನು ಟಪಾಲಿನಲ್ಲಿಯೇ ನೋಡೋಣ.

ಮೊದಲು ಜಾಕ್ ಹಚ್ಚಿ ಒಂದೊಂದೇ ಗಾಲಿ ಎತ್ತಿ ಕೈಯಿಂದ ತಿರುಗಿಸಬೇಕು. ಬಿಗಿಯಿದ್ದರೆ ಬ್ರೇಕು ಹಿಡಿದುಕೊಂಡಿದೆ. ಎಂಜಿನ್ನು ಬ್ರೇಕಿನ ಜೊತೆ ಜಗಳಾಡಿ ಸಾಯುತ್ತಿದೆ ಎಂದು ತಿಳಿಯಬೇಕು. ಆಮೇಲೆ ಎಂಜಿನ್ನು ಚಾಲೂ ಮಾಡಿ ಹಿಂದಿನ ಹೊಗೆಕೊಳವೆಗೆ ಅಂಗೈ ಹಿಡಿಯಬೇಕು. ಧಾರಾಳವಾಗಿ ಗಾಳಿ ಬರದಿದ್ದರೆ ಒಳಗೆ ಏನೋ ಸಿಕ್ಕಿದೆ. ಪೆಟ್ರೋಲಿನ ನಳಿಗೆ ಬಿಚ್ಚಿ ಧಾರೆ ಸರಿಯಾಗಿ ಬೀಳುತ್ತದೆಯೇ ನೋಡಬೇಕು. ಕೊನೆಗೆ ಸ್ವಿಚ್ಚು ಬಂದ್ ಮಾಡಿ ಮುಂದಿನ ಹ್ಯಾಂಡಲ್ಲು ತಿರುಗಿಸಬೇಕು. ನಾಲ್ಕು ಸಿಲಿಂಡರು ಇವೆ. ನಾಲ್ಕು ಸಲ ಅದು ಕೈಗೆ ಎದುರು ನಿಲ್ಲಬೇಕು, ಹೋರಿ ಹಗ್ಗ ಜಗ್ಗಿದ ಹಾಗೆ.

ಬಿಚ್ಚಿದ ಹಳೆಯ ಸಾಮಾನು ಗಿರಣಿಯ ಬಡಗಣ ಮೂಲೆಯಲ್ಲಿ, ಗೋಣಿಚೀಲದಲ್ಲಿದೆ. ಬೀಗರನ್ನು ಕರೆದುಕೊಂಡು ಹೋಗಿ ನೋಡಬಹುದು.

ಕೈ ಉಳುಕದ,
ದಾವಲಸಾಬ


ಅಕ್ಕಿಆಲೂರು
೮ ಡಿಸೆಂಬರ್ ೧೯೫೮

ದಾವಲಸಾಬರಿಗೆ ವಂದನೆ.

ಅಪ್ಪಣೆಯಂತೆ ಎಲ್ಲ ಮಾಡಿದೆ. ಗಾಲಿ ಎತ್ತಿ ತಿರುಗಿಸಿದೆ. ನಾಲ್ಕೂ ಎಷ್ಟು ಹಗುರಾಗಿ ತಿರುಗಿದವೆಂದರೆ ಈ ಪತ್ರ ನಿಮಗೆ ಮುಟ್ಟುವಾಗಲೂ ಒಂದು ತಿರುಗುತ್ತಿರಬಹುದು. ಬ್ರೇಕು ನಿರಪರಾಧಿ. ಹೊಗೆಕೊಳವೆಗೆ ಅಂಗೈ ಹಿಡಿದೆ. ಗಾಳಿ ಧಾರಾಳವಾಗಿ ಬಂತು, ಮಸಿಯೂ ಬಂತು. ಅದೇ ಕೈಯಿಂದ ಹಣೆಯ ಬೆವರು ಒರೆಸಿಕೊಂಡು ಪಂಚಾಯತಿಗೆ ಹೋದೆ. ವಿಭೂತಿ ಇರಬೇಕಾದಲ್ಲಿ ಮಸಿ ಕಂಡು ಸಭೆಯೇ ಎದ್ದು ನಿಂತಿತು. "ಯಾರು ಹೋದರ್ರಿ?" ಎಂದು ಒಬ್ಬರು ಕೇಳಿದರು. "ಎಂಜಿನ್ನು" ಎಂದೆ. ಪೆಟ್ರೋಲಿನ ಧಾರೆ ಚೆನ್ನಾಗಿದೆ. ಅದರ ವಾಸನೆ ಇನ್ನೂ ನನ್ನ ಊಟದಲ್ಲಿದೆ.

ಹ್ಯಾಂಡಲ್ಲಿನ ಸಂಗತಿ ಬೇರೆ. ನಾಲ್ಕು ಸಲ ಎದುರು ನಿಂತಿತು, ನಾಲ್ಕೂ ಸಮ. ಆದರೆ ಹೋರಿಯಲ್ಲ, ಎಮ್ಮೆಯ ಕರು. ಜಗ್ಗಿದರೆ ಜಗ್ಗುತ್ತದೆ, ಬಿಟ್ಟರೆ ಬಿಡುತ್ತದೆ. ಇನ್ನೊಂದು: ಏರಿನಲ್ಲಿ ಕಾರ್ಬೊರೇಟರು ಒಳಗೆ ಎಳೆದುಕೊಂಡದ್ದನ್ನು ಪಚ್ ಪಚ್ ಎಂದು ಹೊರಗೆ ಉಗುಳುತ್ತದೆ. ನೀರು ಕುದಿಯುತ್ತದೆ.

ಗೋಣಿಚೀಲವನ್ನೂ ಬಿಚ್ಚಿ ನೋಡಿದೆ. ಬೀಗರನ್ನು ಕರೆಯಲಿಲ್ಲ. ಹಳೆಯ ರಿಂಗು, ಹಳೆಯ ತಿರುಪು, ಮುರಿದ ಒಂದು ಸ್ಪ್ರಿಂಗು ಕೂಡ ಕಾಗದದಲ್ಲಿ ಸುತ್ತಿ ಇಟ್ಟಿದ್ದೀರಿ. ಅದನ್ನು ನೋಡಿ ಸ್ವಲ್ಪ ಹೊತ್ತು ಚೀಲದ ಮೇಲೆಯೇ ಕುಳಿತುಬಿಟ್ಟೆ. ಕಾರಣವಿದೆ. ನಿಮ್ಮ ಉತ್ತರ ಬರುವ ಮೊದಲೇ, ಕೈ ನೋವಿನ ಸಿಟ್ಟಿನಲ್ಲಿ, ಶಿಗ್ಗಾಂವಿಗೆ ಪತ್ರ ಹಾಕಿಬಿಟ್ಟಿದ್ದೆ. ಏನು ಬರೆದೆ ಎಂದು ಕೇಳಬೇಡಿ. ಹಾಕಿದ ಮರುಕ್ಷಣವೇ ಟಪಾಲಿನ ಡಬ್ಬಿಯೊಳಗೆ ಕೈ ತೂರಿಸಿ ನೋಡಿದೆ. ಸರಕಾರದವರು ಬಾಯಿಯನ್ನು ಬಹಳ ಚಿಕ್ಕದು ಮಾಡಿದ್ದಾರೆ.

ಉತ್ತರಕ್ಕೆ ಕಾದಿರುವ,
ಕರಿಬಸಪ್ಪ


ಸವಣೂರು
೧೩ ಡಿಸೆಂಬರ್ ೧೯೫೮

ಸಾಹುಕಾರರಿಗೆ ಸಲಾಮು.

ಶಿಗ್ಗಾಂವಿಯ ಪತ್ರದ ಸಾಲು ಓದಿದೆ. ಬಿಬಿಜಾನಳಿಗೆ ಓದಿ ಹೇಳಲಿಲ್ಲ. ಎಂಜಿನ್ನಿನ ವಿಷಯಕ್ಕೆ ಬರುತ್ತೇನೆ.

ಮೊದಲನೆಯ ಸಿಲಿಂಡರಿನ ಪ್ಲಗ್ಗು ತೆಗೆದು ಆ ತೂತಿನಲ್ಲಿ ಒಂದು ಕಸಬರಿಗೆ ಕಡ್ಡಿ ಇಳಿಬಿಡಬೇಕು. ಅದು ಪಿಸ್ಟನ್ನಿನ ತಲೆಯ ಮೇಲೆ ನಿಲ್ಲುತ್ತದೆ. ಹ್ಯಾಂಡಲ್ಲನ್ನು ನಿಧಾನವಾಗಿ ತಿರುಗಿಸಿದರೆ ಕಡ್ಡಿ ಏರುತ್ತದೆ, ಇಳಿಯುತ್ತದೆ. ಪಕ್ಕದ ತಗಡು ತೆಗೆದರೆ ವಾಲ್ವುಗಳು ಕಾಣುತ್ತವೆ. ವಾಲ್ವು ಎಂದರೆ ಎಂಜಿನ್ನಿನ ಬಾಗಿಲು: ಒಂದರಿಂದ ಪೆಟ್ರೋಲಿನ ಹವೆ ಒಳಗೆ ಬರುತ್ತದೆ, ಇನ್ನೊಂದರಿಂದ ಹೊಗೆ ಹೊರಗೆ ಹೋಗುತ್ತದೆ. ಒಳಬರುವ ಬಾಗಿಲು ಏಳುವುದಕ್ಕೆ ಆರಂಭಿಸಿದಾಗ ಕಡ್ಡಿ ತುತ್ತತುದಿಯಲ್ಲಿ ಇರಬೇಕು. ಇದೆಯೇ, ಇಲ್ಲವೇ? ಇಲ್ಲದಿದ್ದರೆ ಎಷ್ಟು ಕೆಳಗಿದೆ? ಅಂದಾಜು ಬೇಡ, ಅಳೆದು ಬರೆಯಬೇಕು.

ದಾವಲಸಾಬ


ಅಕ್ಕಿಆಲೂರು
೨೦ ಡಿಸೆಂಬರ್ ೧೯೫೮

ದಾವಲಸಾಬರಿಗೆ,

ಮೂರು ಕಡ್ಡಿ ಮುರಿದವು, ನಾಲ್ಕನೆಯದು ಮಾತು ಕೇಳಿತು. ನನ್ನ ತಾಯಿ ಶಿವಬಸವ್ವ ಬಂದು ನಿಂತು, "ಎಂಜಿನ್ನಿಗೆ ಕಸಬರಿಗಿ ಯಾಕೋ, ಹೊಟ್ಟ್ಯಾಗ ಕಸ ಐತೇನು?" ಎಂದು ಕೇಳಿ ಹೋದರು.

ಕಡ್ಡಿ ತುತ್ತತುದಿಗೆ ಹೋಯಿತು. ಬಾಗಿಲು ಏಳಲಿಲ್ಲ. ಕಡ್ಡಿ ಇಳಿಯುವುದಕ್ಕೆ ಹತ್ತಿತು. ಆಗಲೂ ಏಳಲಿಲ್ಲ. ಒಂದು ಜೋಳದ ಕಾಳಿನಷ್ಟು ಇಳಿದ ಮೇಲೆ ಸಾವಕಾಶವಾಗಿ, ಮಧ್ಯಾಹ್ನ ಮಲಗಿ ಎದ್ದವರ ಹಾಗೆ, ಎದ್ದಿತು. ನಂಬಿಕೆಯಾಗದೆ ಕಾಳನ್ನೇ ತಂದು ಕಡ್ಡಿಯ ಗುರುತಿಗೆ ಹಿಡಿದು ನೋಡಿದೆ. ಆರು ಸಲ ನೋಡಿದೆ. ಸರಿಯಾಗಿ ಒಂದು ಕಾಳು. ನೀವು ನೋಡಲಿ ಎಂದು ಆ ಕಾಳನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ.

ಇದರ ಅರ್ಥವೇನು? ಬೇಗ ಬರೆಯಿರಿ.

ಕರಿಬಸಪ್ಪ


ಸವಣೂರು
೨೬ ಡಿಸೆಂಬರ್ ೧೯೫೮

ಸಾಹುಕಾರರಿಗೆ,

ಕಾಳು ಮುಟ್ಟಿತು. ಎರಡು ದಿನ ಅಂಗೈಯಲ್ಲಿ ಇಟ್ಟುಕೊಂಡು ಕುಳಿತೆ.

ಎಂಜಿನ್ನಿನ ಮುಂಭಾಗದಲ್ಲಿ ಎರಡು ಹಲ್ಲಿನ ಗಾಲಿಗಳಿವೆ. ಒಂದು ಪಿಸ್ಟನ್ನಿನ ಕಡೆಯದು, ಇನ್ನೊಂದು ವಾಲ್ವಿನ ಕಡೆಯದು. ಇದರ ಇಂಥ ಹಲ್ಲು ಅದರ ಇಂಥ ಸಂದಿಗೇ ಕೂಡಬೇಕು. ಒಂದು ಹಲ್ಲು ಆಚೆ ಕೂಡಿದರೆ ಎಂಜಿನ್ನು ಚಾಲೂ ಆಗುತ್ತದೆ, ಸಪಾಟಿನಲ್ಲಿ ಓಡುತ್ತದೆ, ಆದರೆ ಬಾಗಿಲು ತಡವಾಗಿ ತೆರೆದು ತಡವಾಗಿ ಮುಚ್ಚುತ್ತದೆ. ಒಳಗೆ ಬಂದ ಹವೆ ಹಿಂದಕ್ಕೆ ಹೋಗುತ್ತದೆ. ಉಗುಳುವುದು, ಕುದಿಯುವುದು, ಹ್ಯಾಂಡಲ್ಲು ಮೆತ್ತಗಾಗುವುದು, ಏರಿನಲ್ಲಿ ಸೋಲುವುದು ಎಲ್ಲ ಅದರಿಂದಲೇ. ಒಂದು ಜೋಳದ ಕಾಳು ಎಂದರೆ ಸರಿಯಾಗಿ ಒಂದು ಹಲ್ಲು.

ಕಾರಖಾನೆಯ ಗುರುತು ಎಂದೋ ಸವೆದುಹೋಗಿತ್ತು. ಅದಕ್ಕೇ ಬಿಚ್ಚುವ ಮೊದಲು ನನ್ನ ಎಲೆಅಡಿಕೆಯ ಡಬ್ಬಿಯ ಸುಣ್ಣದಿಂದ ಎರಡೂ ಗಾಲಿಗೆ ಒಂದೊಂದು ಬೊಟ್ಟು ಇಟ್ಟಿದ್ದೆ. ಇಪ್ಪತ್ತೊಂದು ವರ್ಷ ಹೀಗೆಯೇ ಮಾಡಿದವನು ನಾನು. ಕಟ್ಟುವಾಗ ಬೊಟ್ಟಿಗೆ ಬೊಟ್ಟು ಕೂಡಿಸಿದೆ. ಆದರೂ ತಪ್ಪಿದೆ. ಇಟ್ಟಾಗ ಕೈ ತಪ್ಪಿತೋ, ಕೂಡಿಸುವಾಗ ಕಣ್ಣು ತಪ್ಪಿತೋ, ಎಷ್ಟು ನೆನೆದರೂ ತಿಳಿಯುತ್ತಿಲ್ಲ. ತಾವು ಕಳ್ಳನೆಂದಾಗ ನನಗೆ ಇಷ್ಟು ಗಾಬರಿಯಾಗಿರಲಿಲ್ಲ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಇದು ಸುಳ್ಳಲ್ಲ.

ಮೈಲಾರಲಿಂಗಪ್ಪನವರಿಗೆ ನಾನೇ ಬರೆದಿದ್ದೇನೆ. ಸಾಹುಕಾರರ ಮೋಟಾರಿನ ದೋಷ ನನ್ನದು, ಮೂವತ್ತು ಮಂದಿ ಕೂರುವ ಬಸ್ಸನ್ನು ಇಂಥ ಕೈಗೆ ಕೊಡಬಾರದು, ಬೇರೆಯವರನ್ನು ನೋಡಿಕೊಳ್ಳಿ ಎಂದು.

ದಾವಲಸಾಬ


ಅಕ್ಕಿಆಲೂರು
೩ ಜನವರಿ ೧೯೫೯

ದಾವಲಸಾಬರೇ,

ಈ ಪತ್ರವನ್ನು ಕುಳಿತು ಓದಿ. ನಾನು ನಿಂತು ಕೇಳಿ ಕೆಟ್ಟೆ.

ನಿಮ್ಮ ಪತ್ರ ಬಂದಾಗ ಪಡಸಾಲೆಯಲ್ಲಿ ತಾಯಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದರು. ಮೋಟಾರಿನ ರೋಗ ಗೊತ್ತಾಯಿತು ಎಂದು ಖುಷಿಯಿಂದ ಆಕೆಗೂ ಕೇಳುವಂತೆ ಓದಿದೆ. ಸುಣ್ಣದ ಬೊಟ್ಟಿನ ಸಾಲಿಗೆ ಬಂದೆ. ಮೊರ ನಿಂತಿತು.

"ಆ ಬೊಟ್ಟ ನಾ ಇಟ್ಟದ್ದೋ."

"ಏನಂದಿ ಯವ್ವಾ?"

"ಮಾನೌಮಿ ಖಂಡೆಪೂಜಿ ದಿನ, ಆಯುಧಕ್ಕೆಲ್ಲಾ ಪೂಜಿ ಮಾಡೂ ದಿನ. ಮಿಸ್ತ್ರಿ ಊರಿಗೆ ಹೋಗಿದ್ನಲ್ಲ, ಹುಬ್ಬಳ್ಳಿಯಿಂದ ರಿಂಗು ಬರಲಿ ಅಂತ, ಎಂಟ ದಿನ? ಆ ಸಾಮಾನೆಲ್ಲಾ ಗೋಣಿತಟ್ಟಿನ ಮ್ಯಾಲೆ ಎಣ್ಣಿ ಬಡಕೊಂಡು ಬಿದ್ದಿದ್ದುವು. ಹಂಗ ಪೂಜಿ ಮಾಡೂದು ಹೆಂಗ? ಬೂದಿ, ಹುಣಸಿಹಣ್ಣ ಹಚ್ಚಿ ತಿಕ್ಕಿ ತೊಳದೆ. ತೊಳಿಯೂ ಮುಂದ ಆ ಎರಡ ಗಾಲಿ ಮ್ಯಾಲಿನ ಬೊಟ್ಟ ಅಳಿಸಿ ಹೋತು. ಪಾಪ, ಮಿಸ್ತ್ರಿ ಶಾಸ್ತ್ರಕ್ಕ ಅಂತ ಇಟ್ಟಿರಬೇಕು, ಕೆಡಿಸಬಾರದು ಅಂತ ನಾನ ಮತ್ತ ಇಟ್ಟೆ."

ನಾನು ಪತ್ರ ಇಳಿಸಿ ಕೇಳಿದೆ: "ಎಲ್ಲಿತ್ತೋ ಅಲ್ಲೇ ಇಟ್ಟಿಯೇನು ಯವ್ವಾ?"

"ಅದೆಲ್ಲಿ ನೆನಪಿರತೈತಿ? ಚಂದ ಕಾಣೂ ಕಡೆ ಇಟ್ಟೆ."

ಮಿಸ್ತ್ರಿಯವರೇ, ಚೆಂದ ಕಾಣುವ ಕಡೆ! ನನ್ನ ಎಂಜಿನ್ನು ಎರಡು ತಿಂಗಳಿಂದ ಚೆಂದಕ್ಕಾಗಿ ಸಾಯುತ್ತಿದೆ! ನಾನು ಗೋಡೆ ಹಿಡಿದುಕೊಂಡೆ. ಆಕೆ ಮಾತ್ರ ಮೊರವನ್ನು ಮತ್ತೆ ಎತ್ತಿಕೊಂಡು, "ಎಷ್ಟ ತಪ್ಪೈತಂತ?" ಎಂದು ಕೇಳಿದರು.

"ಒಂದ ಹಲ್ಲು."

"ಒಂದಽ? ಹಂಗಾರ ಎಪ್ಪತ್ತಾರಕ್ಕೂ ನನ್ನ ಕಣ್ಣ ಚಲೋ ಅದಾವ ಬಿಡು."

ನಿಮ್ಮ ಪತ್ರದ ಕೊನೆಯ ಭಾಗವನ್ನು, ಶಿಗ್ಗಾಂವಿಯ ಸಂಗತಿಯನ್ನು, ಆಕೆಗೆ ಓದಲಿಲ್ಲ. ಊರಿನಲ್ಲಿ ಯಾರು ಹೊಸ ಎತ್ತು ತಂದರೂ, ಗಿರಣಿಗೆ ಹೊಸ ಪಟ್ಟಾ ಹಾಕಿದರೂ ಮೊದಲ ಪೂಜೆ ಆಕೆಯ ಕೈಯಿಂದ. ಆ ಕೈಯ ಪೂಜೆಯಿಂದ ಎಂಜಿನ್ನು ಕೆಟ್ಟಿತು ಎಂದು ನಾನು ಶಿಗ್ಗಾಂವಿಗೆ ಬರೆಯಬೇಕು. ಬರೆಯದಿದ್ದರೆ ನಿಮ್ಮ ಕೈ ಕೆಟ್ಟಿದೆ ಎಂದು ಲೋಕ ತಿಳಿಯುತ್ತದೆ. ನಾಲ್ಕು ದಿನದಲ್ಲಿ ಏಳು ಕಾಗದ ಹರಿದಿದ್ದೇನೆ. ನೀವೇ ಹೇಳಿ.

ದಿಕ್ಕು ತಪ್ಪಿದ,
ಕರಿಬಸಪ್ಪ


ಸವಣೂರು
೮ ಜನವರಿ ೧೯೫೯

ಸಾಹುಕಾರರಿಗೆ,

ಅವ್ವನವರ ಹೆಸರು ಎತ್ತಬೇಡಿ. ಎತ್ತಿದರೆ ನನ್ನ ಮೇಲಾಣೆ.

ಓದಿ ನಗುತ್ತ ಕುಳಿತೆ, ಬಿಬಿಜಾನ ಗಾಬರಿಯಾಗುವಷ್ಟು. ನಾನು ಊರಿನಿಂದ ತಿರುಗಿ ಬಂದಾಗ ಸಾಮಾನೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಸಾಹುಕಾರರು ಆಳಿನಿಂದ ತೊಳೆಸಿದ್ದಾರೆ ಎಂದು ಸಂತೋಷಪಟ್ಟೆನೇ ಹೊರತು ಯಾರು ತೊಳೆದರು, ತೊಳೆದ ಗಾಲಿಯ ಮೇಲೆ ಸುಣ್ಣ ಹೇಗೆ ಉಳಿಯಿತು ಎಂದು ಕೇಳಲಿಲ್ಲ. ಅವ್ವನವರು ಪೂಜೆ ಮಾಡುವವರು, ಪೂಜೆ ಮಾಡಿದರು. ನಾನು ಎಂಜಿನ್ನು ನೋಡುವವನು, ಬೊಟ್ಟು ನೋಡಿದೆ. ತಮ್ಮಿಂದ ಹಾಕಿಸಿದ ಆ ಕಡ್ಡಿಯನ್ನು ನಾನು ಅಂದೇ ಹಾಕಿದ್ದರೆ ಮುಗಿಯುತ್ತಿತ್ತು. ತಪ್ಪು ನನ್ನದೇ.

ವಾಲ್ವಿನ ಗಾಲಿಯನ್ನು ಒಂದು ಹಲ್ಲು ಮುಂದಕ್ಕೆ ಕೂಡಿಸಿದರೆ ಸಾಕು. ಹುಬ್ಬಳ್ಳಿಯಲ್ಲಿ ಯಾರಾದರೂ ಮಾಡಿಕೊಡುತ್ತಾರೆ. ಶಿಗ್ಗಾಂವಿಯಲ್ಲಿ ಬೇರೆಯವರು ಬಂದರಂತೆ. ಬಾಗಿಲಲ್ಲಿ ನೆರೆಮನೆಯ ಮುಮ್ತಾಜಬೇಗಂ ಅವರ ಹೊಲಿಗೆ ಯಂತ್ರ ಕಾದಿದೆ. ಇನ್ನು ಬರೆಯುವುದು ಏನೂ ಉಳಿದಿಲ್ಲ.

ದಾವಲಸಾಬ


ಶಿಗ್ಗಾಂವಿ
೧೫ ಜನವರಿ ೧೯೫೯

ಶ್ರೀ ದಾವಲಸಾಬ ಮಿಸ್ತ್ರಿಯವರಿಗೆ ಬಸ್ಸಿನ ಮೈಲಾರಲಿಂಗಪ್ಪನ ವಿಜ್ಞಾಪನೆ.

ತಮ್ಮ ಮುಖ ನಾನು ನೋಡಿಲ್ಲ. ಆದರೆ ತಮ್ಮ ವಿಷಯವಾಗಿ ನನ್ನ ಹತ್ತಿರ ಎರಡು ಪತ್ರಗಳಿವೆ. ಈತನನ್ನು ನಂಬಬೇಡಿ ಎಂದು ಕರಿಬಸಪ್ಪನವರದು. ನನ್ನನ್ನು ನಂಬಬೇಡಿ ಎಂದು ತಮ್ಮದು. ಇಬ್ಬರ ಮಾತೂ ಒಂದೇ ಆದ ಮೇಲೆ ನಾನು ಹುಬ್ಬಳ್ಳಿಯಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿಕೊಂಡೆ.

ಇಂದು ಮುಂಜಾನೆ ಒಬ್ಬ ಅಜ್ಜಿ ಕೋಲು ಊರಿಕೊಂಡು ರಸ್ತೆಯ ನಡುವೆ ಬರುತ್ತಿದ್ದರು. ಅವರ ಹಿಂದೆ, ಅವರನ್ನು ದಾಟಲಾರದೆ, ಒಂದು ಕರಿಯ ಮೋಟಾರು ಗುರುಗುಟ್ಟುತ್ತ ಬರುತ್ತಿತ್ತು. ಏರು ಬಂದಲ್ಲೆಲ್ಲ ಆಕೆ ಇಳಿದು ನಡೆದಿದ್ದಾರಂತೆ. ಅವರು ಕರಿಬಸಪ್ಪನವರ ತಾಯಿ. ಮಗ ಊಟ ಬಿಟ್ಟದ್ದು ಕಂಡು, ತಮ್ಮ ಪತ್ರಗಳನ್ನೆಲ್ಲ ಮೊದಲಿನಿಂದ ಕೊನೆಯತನಕ ಓದಿಸಿ ಕೇಳಿ ಆಕೆ ಹೊರಟು ಬಂದಿದ್ದರು. ನೀರು ಸಹ ಮುಟ್ಟದೆ ಕೇಳಿದರು:

"ಮೈಲಾರಪ್ಪಾ, ಆ ಗಾಲಿ ಕೆಡಿಸಿದಾಕಿ ನಾನು. ಬೇಕಾದ್ರ ನನ್ನ ಹೆಸರ ಬರದು ನಿನ್ನ ಕಚೇರಿ ಬಾಗಲಕ್ಕ ಹಚ್ಚು. ಮಿಸ್ತ್ರಿಗೆ ಯಾಕ ಕೆಲಸ ಕೊಡಲಿಲ್ಲ?"

"ಅವ್ವಾರ, ತಪ್ಪು ನಂದ ಅಂತ ಅಂವನ ಬರದಾನಲ್ರಿ."

"ಅದಕ್ಕ ಅವನ್ನ ಇಟಗೋ ಅಂತೇನಿ. ಈಗ ಇಟಗೊಂಡೀಯಲ್ಲ, ಇಂವ ತಪ್ಪು ಮಾಡ್ಯಾನೇನು ಕೇಳು."

ಹುಬ್ಬಳ್ಳಿಯವನು ಅಲ್ಲಿಯೇ ನಿಂತಿದ್ದ. ಕೇಳಿದೆ. ಎದೆ ಉಬ್ಬಿಸಿ, "ಇಪ್ಪತ್ತ ವರ್ಷದಾಗ ಒಂದೂ ಇಲ್ರಿ" ಎಂದ.

ಅವ್ವನವರು ನನ್ನ ಕಡೆ ತಿರುಗಿ, "ಕೇಳಿದಿ? ಇಂವ ಕೆಡಿಸಿದ್ದು ಯಾವ ಊರಾಗ ನಿಂತೈತೋ ಏನೋ, ಹುಡುಕಿಸು" ಎಂದರು.

ಹುಡುಕಿಸಬೇಕಾಗಿರಲಿಲ್ಲ. ಏಕೆಂದರೆ ನಿನ್ನೆಯಿಂದ ನನ್ನ ಒಂದು ಬಸ್ಸು ದುಂಡಸಿಯಲ್ಲಿ ನಿಂತಿದೆ. ಅದು ಡ್ರೈವರನ ತಪ್ಪು ಎಂದು ಈ ಹುಬ್ಬಳ್ಳಿಯವನು ಹೇಳಿದ್ದ. ಡ್ರೈವರನು ಪೆಟ್ರೋಲಿನ ತಪ್ಪು ಎಂದಿದ್ದ. ಮೂವತ್ತು ಪ್ರಯಾಣಿಕರು ನನ್ನ ತಪ್ಪು ಎಂದಿದ್ದರು. ತನ್ನ ತಪ್ಪು ಎಂದವರು ನನ್ನ ಬಳಿ ಇದ್ದ ಕಾಗದಗಳಲ್ಲಿ ತಾವೊಬ್ಬರೇ.

ಕೆಲಸ ತಮ್ಮದು. ಸೋಮವಾರ ಬರಬೇಕು. ಮೊದಲು ದುಂಡಸಿಗೆ ಹೋಗಬೇಕಾಗುತ್ತದೆ.

ಇನ್ನೊಂದು ಸಂಗತಿ. ಇಷ್ಟೆಲ್ಲ ಆಗುವಾಗ ಕರಿಬಸಪ್ಪನವರು ಮೋಟಾರಿನಿಂದ ಇಳಿದೇ ಇಲ್ಲ. ಇಲ್ಲಿಂದ ಸವಣೂರಿಗೆ, ತಮ್ಮ ಮನೆಗೆ ಹೊರಟಿದ್ದಾರೆ. ನಾನು ಹತ್ತಿರ ಹೋದಾಗ ಸ್ಟೇರಿಂಗು ಹಿಡಿದುಕೊಂಡೇ, "ನಾ ಬರಾಕತ್ತೇನಿ ಅಂತ ಒಂದ ಸಾಲ ಮಿಸ್ತ್ರಿಗೆ ಬರದಬಿಡ್ರಿ. ಅವರ ಬಾಗಲದಾಗ ನಿಂತು ಏನ ಅನಬೇಕು ನನಗ ತಿಳೀವಲ್ದು" ಎಂದರು. ಅವರು ಬರೆದ ಪತ್ರಗಳಲ್ಲಿ "ನನ್ನದು ತಪ್ಪಾಯಿತು" ಎಂಬ ಒಂದು ಮಾತು ಇರಲಿಲ್ಲ ಎಂದು ಅವ್ವನವರು ದಾರಿಯುದ್ದಕ್ಕೂ ಅಂದಿದ್ದಾರಂತೆ.

ಈ ಪತ್ರವನ್ನು ಸವಣೂರಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದೇನೆ. ಮೋಟಾರಿಗಿಂತ ಮುಂಚೆ ಮುಟ್ಟುವುದರಲ್ಲಿ ಸಂಶಯವಿಲ್ಲ. ಎಂಜಿನ್ನು ಆಮೇಲೆ ಬಿಚ್ಚಿರಿ. ಮೊದಲು ಬಾಗಿಲು ತೆಗೆದು ಸಾಹುಕಾರರನ್ನು ಇಳಿಸಿಕೊಳ್ಳಿ. ಅವರಾಗಿಯೇ ಇಳಿಯುವುದಿಲ್ಲ.

ತಮ್ಮ ದಾರಿ ನೋಡುವ,
ಮೈಲಾರಲಿಂಗಪ್ಪ